ಗಚ್ಚು, ಗಾರೆ, ಸುಣ್ಣ: ಎಡೆದೊರೆ ನಾಡಿನ ಗೋಡೆಗಳ ಕತೆ

ರಾಯಚೂರು ಕೋಟೆಯನ್ನು ನೋಡಲು ಬಂದವರಿಗೆ ಊರಿನವರು ಮೊದಲು ತೋರಿಸುವುದು ಒಂದು ಕಲ್ಲನ್ನು. ಒಳಕೋಟೆಯ ಪಡುವಣ ಗೋಡೆಯಲ್ಲಿ ಕೂಡಿಸಿರುವ ಈ ಬಂಡೆ 41 ಅಡಿಗೂ ಮಿಕ್ಕಿ ಉದ್ದವಿದೆ. ಅದರ ಮೇಲಿನ 1294ರ ಶಾಸನವು, ಗೋರೆ ಗನ್ನಯ ರೆಡ್ಡಿಯ ಆಣತಿಯಂತೆ ವಿಠಲನಾಥನು ಈ ಕೋಟೆ ಕಟ್ಟಿಸಿದನೆಂದು ಹೇಳುತ್ತದೆ. ಆಗ ಇಲ್ಲಿ ವರಂಗಲ್ಲಿನ ಕಾಕತೀಯರ ಆಳ್ವಿಕೆ. ಬಂಡೆಯನ್ನು ಗಾಡಿಯ ಮೇಲೆ ಹೇರಿ ಕೋಣಗಳಿಂದ ಎಳೆಸಿ ತಂದ ಚಿತ್ರವನ್ನೂ ಅಲ್ಲಿ ಕೊರೆದಿದ್ದಾರೆ. ಬಂದವರು ಕಲ್ಲಿನ ಉದ್ದಕ್ಕೆ ಬೆರಗಾಗಿ ಹೋಗುತ್ತಾರೆ. ಆದರೆ ಈ ಗೋಡೆಯಲ್ಲಿ ನಿಜಕ್ಕೂ ಗಮನಿಸಬೇಕಾದದ್ದು, ಕಲ್ಲು ಕಲ್ಲುಗಳ ನಡುವೆ ಏನೂ ಇಲ್ಲ ಎಂಬುದನ್ನು. ಒಂದರ ಮೈಗೆ ಇನ್ನೊಂದರ ಮೈ ಕೂಡುವಂತೆ ಕೆತ್ತಿ, ಭಾರದ ಮೇಲೆಯೇ ನಿಲ್ಲಿಸಿದ್ದಾರೆ. ಗಾರೆಯಿಲ್ಲ, ಸುಣ್ಣವಿಲ್ಲ.

ಇದನ್ನು ಬಹಳ ಹಿಂದೆಯೇ ಗಮನಿಸಿದ ಒಬ್ಬನಿದ್ದ. ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್. 1520ರಲ್ಲಿ ಕೃಷ್ಣದೇವರಾಯನು ಇಸ್ಮಾಯಿಲ್ ಆದಿಲ್‌ಶಾಹನ ಕೈಯಿಂದ ರಾಯಚೂರನ್ನು ಕಿತ್ತುಕೊಂಡ ಯುದ್ಧದ ವಿವರವನ್ನು ಆತ ಬರೆದಿಟ್ಟಿದ್ದಾನೆ. ಊರಿಗೆ ಮೂರು ಸುತ್ತಿನ ಗಟ್ಟಿ ಗೋಡೆಗಳಿವೆ, ಅವನ್ನು ಸುಣ್ಣವಿಲ್ಲದೆ ಕಟ್ಟಿ ಒಳಗೆ ಮಣ್ಣು ತುಂಬಿದ್ದಾರೆ ಎಂಬ ಅರ್ಥದ ಮಾತು ಅವನಲ್ಲಿದೆ. ಮುತ್ತಿಗೆಯ ಕಾಲದಲ್ಲಿ ವಿಜಯನಗರದ ಸೈನಿಕರು ಗುದ್ದಲಿ ಹಾರೆ ಹಿಡಿದು ಗೋಡೆ ಕೆಡವಿದರಂತೆ. ಕಿತ್ತು ತಂದ ಕಲ್ಲಿಗೆ ಗಾತ್ರ ನೋಡಿ ಹಣ ಕೊಟ್ಟರಂತೆ. ಮೇಲಿನಿಂದ ಬಾಣ ಬಿಡುವವರನ್ನು ಕ್ರಿಸ್ಟೋವಾವೊ ದೆ ಫಿಗೆರೆದೊನ ಬಂದೂಕಿನವರು ಹೊಡೆದುರುಳಿಸುತ್ತಿದ್ದರು. ಗಾರೆ ಹಾಕದ ಗೋಡೆಯಾದ್ದರಿಂದಲೇ ಹೀಗೆ ಕಲ್ಲು ಕೀಳುವ ಕೂಲಿ ಗಿಟ್ಟಿತೋ ಏನೋ ಎಂದು ನನಗೆ ಅನುಮಾನ.

ನಮ್ಮ ಚರಿತ್ರೆಕಾರರು ಈ ಕೋಟೆಯ ಬಗ್ಗೆ ಬರೆದಾಗಲೆಲ್ಲ ಯಾವ ಗೋಡೆ ಯಾವ ಅರಸನದು ಎಂದು ವಿಂಗಡಿಸಿದ್ದಾರೆ. ಕಾಕತೀಯರ ಒಳಗೋಡೆ, ಬಹಮನಿಗಳದೂ ಆದಿಲಶಾಹಿಗಳದೂ ಆದ ಹೊರಗೋಡೆ, ನಡುವೆ ವಿಜಯನಗರ. ಈ ವಿಂಗಡಣೆ ಬೇಕಾದದ್ದೇ. ಆದರೆ ಕಟ್ಟಡವನ್ನು ಕಟ್ಟಿಸಿದವನಿಂದಷ್ಟೇ ಗುರುತಿಸಿದರೆ, ಕಟ್ಟಿದವರೂ ಕಟ್ಟಿದ ವಸ್ತುವೂ ಕಣ್ಮರೆಯಾಗುತ್ತವೆ. ಅದಕ್ಕಾಗಿ ಸುಣ್ಣವನ್ನು ಹಿಡಿದು ಈ ನಾಡನ್ನು ಒಮ್ಮೆ ನೋಡಬೇಕು ಅನ್ನಿಸುತ್ತದೆ.

ಸುಣ್ಣವಿಲ್ಲದೆ ನೆಟ್ಟಗಿನ ಗೋಡೆ ಕಟ್ಟಬಹುದು, ಕಂಬ ನಿಲ್ಲಿಸಿ ತೊಲೆ ಹಾಸಬಹುದು. ಗುಮ್ಮಟ ಕಟ್ಟಲಾಗದು. ನೀರು ನಿಲ್ಲುವ ತೊಟ್ಟಿ ಕಟ್ಟಲಾಗದು. ಇಟ್ಟಿಗೆಯ ಮಿನಾರು ಎತ್ತಲಾಗದು. ರಾಯಚೂರಿನ ಏಕ್ ಮಿನಾರ್ ಕಿ ಮಸ್ಜಿದ್ ಇದಕ್ಕೆ ಒಳ್ಳೆಯ ನಿದರ್ಶನ. ಹಿಜರಿ 919ರಲ್ಲಿ, ಅಂದರೆ ಕ್ರಿ.ಶ. 1513ರ ಸುಮಾರಿಗೆ, ಮಹಮೂದ್‌ಶಾ ಬಹಮನಿಯ ಕಾಲದಲ್ಲಿ ಅಂಬರ್ ಎಂಬಾತ ಇದನ್ನು ಕಟ್ಟಿಸಿದನೆಂದು ಅಲ್ಲಿನ ಪಾರಸಿ ಶಾಸನ ಹೇಳುತ್ತದೆ. ಮಸೀದಿ ಚಿಕ್ಕದು. ಅಂಗಳದ ಮೂಲೆಯಲ್ಲಿ ದೌಲತಾಬಾದಿನ ಚಾಂದ್ ಮಿನಾರಿನ ತಮ್ಮನಂತೆ 65 ಅಡಿ ಎತ್ತರದ ಒಂದೇ ಮಿನಾರು. ಇನ್ನೂ ದೊಡ್ಡ ನಿದರ್ಶನ ಬೇಕೆಂದರೆ ವಿಜಾಪುರಕ್ಕೆ ಹೋಗಬೇಕು. 1656ರಲ್ಲಿ ಮುಗಿದ ಗೋಳಗುಮ್ಮಟದ ಗುಮ್ಮಟ 10 ಅಡಿ ದಪ್ಪವಿದೆ. ಇಟ್ಟಿಗೆಗಳನ್ನು ದಪ್ಪನೆಯ ಗಾರೆಯಲ್ಲಿ ಹುಗಿದು ಮಾಡಿದ ಆ ರಚನೆ ಇಟ್ಟಿಗೆಯ ಕಟ್ಟಡ ಎನ್ನುವುದಕ್ಕಿಂತ ಒಂದೇ ಅಚ್ಚಿನ ಸುಣ್ಣದ ಬೋಗುಣಿ ಎನ್ನುವಂತಿದೆ.

ಇಷ್ಟು ಹೇಳಿದ ಕೂಡಲೇ ಸುಣ್ಣದ ಗಾರೆಯನ್ನು ಮುಸಲ್ಮಾನರು ತಂದರು ಎಂದು ಹೇಳಿ ಮುಗಿಸುವವರಿದ್ದಾರೆ. ಅದು ಸರಿಯಲ್ಲ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ಮಾನಸೋಲ್ಲಾಸದಲ್ಲಿ, ಚಿತ್ರ ಬರೆಯುವ ಗೋಡೆಯನ್ನು ಸುಣ್ಣದಿಂದ ನುಣುಪು ಮಾಡುವ, ಎಮ್ಮೆಯ ಚರ್ಮ ಬೇಯಿಸಿ ಅಂಟು ತೆಗೆಯುವ ಕ್ರಮವಿದೆ. ವಿಜಯನಗರದ ಗೋಪುರಗಳ ಮೇಲ್ಭಾಗವೆಲ್ಲ ಇಟ್ಟಿಗೆ ಮತ್ತು ಗಾರೆ. ಅಲ್ಲಿನ ಕಮಲಮಹಲಿನ ಕಮಾನುಗಳನ್ನು ಗಾರೆಯ ಕೆಲಸದವರು ವಿಜಾಪುರದ ಕೆಲಸದವರಂತೆಯೇ ರೂಪಿಸಿದ್ದಾರೆ. ಅರಸರು ರಣರಂಗದಲ್ಲಿ ಎದುರುಬದುರಾಗಿ ನಿಂತಿದ್ದಾಗಲೂ ಕಸುಬು ಎರಡೂ ಕಡೆ ಓಡಾಡುತ್ತಿತ್ತು.

ಮಾತುಗಳೂ ಓಡಾಡಿವೆ. ಸಂಸ್ಕೃತದ ಚೂರ್ಣ ಪ್ರಾಕೃತದಲ್ಲಿ ಚುಣ್ಣವಾಗಿ ಕನ್ನಡಕ್ಕೆ ಸುಣ್ಣವಾಯಿತು. ಅದೇ ಚೂರ್ಣ ದಖನಿ ಮಾತಾಡುವ ಮನೆಗಳಲ್ಲಿ ಚೂನಾ ಆಯಿತು. ಗಚ್ಚು ಎಂಬುದು ಪಾರಸಿಯ ಗಚ್. ಅದೇ ಪದ ಅರಬ್ಬಿಯಲ್ಲಿ ಜಸ್ಸ್. ಗೋರಿಗಳಿಗೆ ಗಚ್ಚು ಹಾಕುವುದನ್ನು ಪ್ರವಾದಿಯವರು ನಿಷೇಧಿಸಿದರೆಂದು ಜಾಬಿರ್ ಅವರು ವರದಿ ಮಾಡಿದ ಹದೀಸೊಂದು ಸಹೀಹ್ ಮುಸ್ಲಿಮ್‌ನಲ್ಲಿದೆ. ಅಲ್ಲಿ ಬರುವ ಕ್ರಿಯಾಪದ ಇದೇ ಜಸ್ಸ್‌ನಿಂದ ಹುಟ್ಟಿದ್ದು. ಪಾರಸಿಯ ಗಚ್ ಹೆಚ್ಚಾಗಿ ಜಿಪ್ಸಮ್ಮಿನ ಗಿಲಾವು. ದಖನಿಗೆ ಬಂದು ಅದು ಸುಣ್ಣದ ಗಿಲಾವಾಯಿತು. ಖುಲ್ದಾಬಾದಿನಲ್ಲಿ ಔರಂಗಜೇಬ ತನ್ನ ಗೋರಿಯನ್ನು ಮಣ್ಣಿನದಾಗಿಯೇ ಇರಿಸಿಕೊಂಡ. ಆದರೆ ನಮ್ಮ ಕಡೆ ಉರುಸಿಗೆ ಮುನ್ನ ಸುಣ್ಣ ಕಾಣದ ದರ್ಗಾ ಯಾವುದು? ಗ್ರಂಥದಲ್ಲಿರುವ ಧರ್ಮ ಒಂದು ಬಗೆ, ನೆಲದ ಮೇಲೆ ಜನ ಬಾಳುವ ಧರ್ಮ ಇನ್ನೊಂದು ಬಗೆ ಎಂಬುದಕ್ಕೆ ಒಂದು ಬಕೆಟ್ಟು ಸುಣ್ಣ ಸಾಕ್ಷಿ ಹೇಳಬಲ್ಲದು.

ಈ ಸುಣ್ಣ ಎಲ್ಲಿಂದ ಬರುತ್ತಿತ್ತು? ಕೃಷ್ಣೆ ತುಂಗಭದ್ರೆಗಳ ನಡುವಿನ ಎಡೆದೊರೆ ನಾಡು ಬಹುಮಟ್ಟಿಗೆ ಗ್ರಾನೈಟ್ ನೆಲ. ದೇವದುರ್ಗದ ಗುಡ್ಡವಾಗಲಿ ಮಾನ್ವಿಯ ಗುಡ್ಡವಾಗಲಿ ಸುಣ್ಣ ಕೊಡುವುದಿಲ್ಲ. ಗ್ರಾನೈಟನ್ನು ಎಷ್ಟು ಸುಟ್ಟರೂ ಅದು ಸುಣ್ಣವಾಗದು. ಸುಣ್ಣ ಇದ್ದದ್ದು ಗುಡ್ಡದ ಬುಡದ ಎರೆಹೊಲದಲ್ಲಿ. ಎರೆಮಣ್ಣನ್ನು ಎರಡು ಮೂರು ಅಡಿ ಅಗೆದರೆ ಬೆಳ್ಳನೆಯ, ಬೂದು ಬಣ್ಣದ ಗಂಟುಗಂಟಾದ ಹರಳುಗಳು ಸಿಗುತ್ತವೆ. ಕೆಲವು ಕಡಲೆಯಷ್ಟು, ಕೆಲವು ಶುಂಠಿ ಕೊಂಬಿನಷ್ಟು. ಇದು ಕಂಕರ್, ಸುಣ್ಣದ ಹರಳು. ಮಳೆನೀರು ಕಲ್ಲಿನೊಳಗಿನ ಕ್ಯಾಲ್ಸಿಯಮ್ಮನ್ನು ಕರಗಿಸಿ ಮಣ್ಣಿಗೆ ಇಳಿಸುತ್ತದೆ. ಬೇಸಿಗೆಯಲ್ಲಿ ನೀರು ಆವಿಯಾದಾಗ ಅದು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಹೆಪ್ಪುಗಟ್ಟುತ್ತದೆ. ಮಳೆ ಕಡಿಮೆ, ಬಿಸಿಲು ಹೆಚ್ಚು ಇರುವ ಸೀಮೆಯ ಬೆಳೆ ಇದು. ಕರಾವಳಿಯ ಓದುಗರಿಗೆ ಸುಣ್ಣವೆಂದರೆ ಹೊಳೆಯ, ಕಡಲಿನ ಚಿಪ್ಪು. ರಾಯಚೂರಿನವರಿಗೆ ಅದು ಬರದ ಕೂಸು.

ಹೊಲದವನಿಗೆ ಈ ಹರಳು ಕಿರಿಕಿರಿ. ಕುಂಟೆಗೆ ತಗಲುತ್ತದೆ, ಬೇರನ್ನು ತಡೆಯುತ್ತದೆ. ಆದರೆ ಗೌಂಡಿಗೆ ಇದು ಪಸಂದು. ಕಾರಣ, ಈ ಹರಳು ಶುದ್ಧವಲ್ಲ. ಒಳಗೆ ಜೇಡಿಯ ಅಂಶ ಇರುತ್ತದೆ. ಜೇಡಿ ಬೆರೆತ ಸುಣ್ಣ ಬೆಂದಾಗ ನೀರಿನಲ್ಲಿಯೂ ಗಟ್ಟಿಯಾಗುವ ಗುಣ ಪಡೆಯುತ್ತದೆ. ಬರಿ ಬಿಳಿ ಸುಣ್ಣಕ್ಕೆ ಆ ಗುಣವಿಲ್ಲ. ಬಾವಿಯ ಕಟ್ಟೆಗೆ, ಕೆರೆಯ ತೂಬಿಗೆ, ಹೌದಿನ ತಳಕ್ಕೆ ಬೇಕಾದ ಗಾರೆ ಇಂಥ ಕೊಳಕು ಹರಳಿನಿಂದಲೇ ಚೆನ್ನಾಗಿ ಆಗುತ್ತದೆ.

ಸುಣ್ಣದ ಕೆಲಸದ ಕ್ರಮ ಹೇಳಲು ಸುಲಭ, ಮಾಡಲು ಕಷ್ಟ. ಭಟ್ಟಿಯಲ್ಲಿ ಒಂದು ಪದರು ಹರಳು, ಒಂದು ಪದರು ಕಟ್ಟಿಗೆ ಅಥವಾ ಇದ್ದಿಲು ಹೇರಿ ಸುಡುತ್ತಾರೆ. ಸುಮಾರು 900 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಹರಳಿನೊಳಗಿನ ಇಂಗಾಲದ ಡೈ ಆಕ್ಸೈಡ್ ಬಿಟ್ಟುಹೋಗುತ್ತದೆ. 100 ಕಿಲೋ ಶುದ್ಧ ಸುಣ್ಣದ ಕಲ್ಲಿನಲ್ಲಿ 44 ಕಿಲೋ ಹೀಗೆ ಗಾಳಿಯಾಗಿ ಹೋಗಿ ಉಳಿಯುವುದು 56 ಕಿಲೋ ಸುಟ್ಟ ಸುಣ್ಣ. ಅದಕ್ಕೆ ನೀರು ಹೊಯ್ದರೆ ಬುಸುಗುಟ್ಟಿ, ಕುದಿದು, ಒಡೆದು ಹಿಟ್ಟಾಗುತ್ತದೆ. ಇದಕ್ಕೆ ಸುಣ್ಣ ಅರಳುವುದು ಎನ್ನುತ್ತಾರೆ. ಇಷ್ಟು ಉಗ್ರವಾದ ಕ್ರಿಯೆಗೆ ಹೂವಿನ ಮಾತನ್ನು ಕೊಟ್ಟ ಕನ್ನಡಕ್ಕೆ ಶರಣು. ಅರಳಿದ ಸುಣ್ಣವನ್ನು ಗುಂಡಿಯಲ್ಲಿ ನೀರಿನಡಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕೊಳೆಯಲು ಬಿಡಬೇಕು. ಆಮೇಲೆ ಮರಳು, ಸುಟ್ಟ ಇಟ್ಟಿಗೆಯ ಪುಡಿಯಾದ ಸುರ್ಕಿ ಬೆರೆಸಿ ಗಾಣದಲ್ಲಿ ಅರೆಯಬೇಕು. ದುಂಡನೆಯ ಕಲ್ಲಿನ ಕಾಲುವೆಯಲ್ಲಿ ಎತ್ತು ಎಳೆಯುವ ಗುಂಡು ಸುತ್ತುತ್ತ ಇರುತ್ತದೆ. ಬೆಲ್ಲದ ನೀರು, ಅಳಲೆಕಾಯಿಯ ರಸ, ಬಿಲ್ವದ ಕಾಯಿಯ ಲೋಳೆ ಹಾಕುವ ರೂಢಿ ದಖನಿನಲ್ಲೆಲ್ಲ ಇತ್ತು. ಇದು ಬರಿ ನಂಬಿಕೆಯಲ್ಲ. ಸಕ್ಕರೆಯ ಅಂಶವಿದ್ದರೆ ಸುಣ್ಣ ನೀರಿನಲ್ಲಿ ಹೆಚ್ಚು ಕರಗುತ್ತದೆ, ಗಾರೆ ನಿಧಾನವಾಗಿ, ಹದವಾಗಿ ಕೂಡುತ್ತದೆ.

ಗೋಡೆಗೆ ಹಚ್ಚಿದ ಮೇಲೆ ಕತೆ ಹಿಂದಕ್ಕೆ ತಿರುಗುತ್ತದೆ. ಭಟ್ಟಿಯಲ್ಲಿ ಬಿಟ್ಟುಕೊಟ್ಟ ಅನಿಲವನ್ನೇ ಸುಣ್ಣ ಗಾಳಿಯಿಂದ ಮತ್ತೆ ಹೀರಿಕೊಳ್ಳುತ್ತ ನಿಧಾನಕ್ಕೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಅಂದರೆ ಎರೆಹೊಲದ ಹರಳು ಬೆಂಕಿ ನೀರು ಗಾಳಿಗಳ ಸುತ್ತು ಹಾಕಿ ಗೋಡೆಯ ಮೇಲೆ ಮತ್ತೆ ಕಲ್ಲಾಗುತ್ತದೆ. ದಪ್ಪ ಗೋಡೆಯ ಒಳಭಾಗದಲ್ಲಿ ಈ ಕೆಲಸ ಮುಗಿಯಲು ನೂರಾರು ವರ್ಷ ಹಿಡಿಯುತ್ತದೆ.

ಇದನ್ನೆಲ್ಲ ಮಾಡಿದವರು ಯಾರು? ಸುಣಗಾರರು ಎಂಬ ಹೆಸರೇ ಸುಣ್ಣದಿಂದ ಬಂದದ್ದು. ಉತ್ತರ ಕರ್ನಾಟಕದಲ್ಲಿ ಮೀನು ಹಿಡಿಯುವ, ದೋಣಿ ನಡೆಸುವ ಕಸುಬಿನವರೊಡನೆ ಸೇರಿಹೋಗಿರುವ ಸಮುದಾಯ ಅದು. ಉಪ್ಪಾರರಲ್ಲಿ ಸುಣ್ಣ ಸುಡುವವರಿದ್ದರು. ಮಣ್ಣಿನಿಂದ ಉಪ್ಪು ತೆಗೆಯುತ್ತಿದ್ದ ಕೈಗಳೇ ಮಣ್ಣಿನಿಂದ ಸುಣ್ಣವನ್ನೂ ತೆಗೆದವು. ಗೌಂಡಿಗಳಲ್ಲಿ ಮುಸಲ್ಮಾನರೂ ಇದ್ದರು, ಹಿಂದೂಗಳೂ ಇದ್ದರು. ಇವತ್ತಿಗೂ ಹಾಗೆಯೇ. ನೀರು ಹೊತ್ತವರು, ಗಾರೆ ಹೊತ್ತವರು ಹೆಂಗಸರು. ನಿಜಾಮರ ಪುರಾತತ್ವ ಇಲಾಖೆ 1914ರಲ್ಲಿ ಶುರುವಾದ ಮೇಲೆ ಅದರ ನಿರ್ದೇಶಕ ಗುಲಾಮ್ ಯಜ್ದಾನಿಯವರು ರಾಯಚೂರು, ಮುದಗಲ್ಲುಗಳ ಪಾರಸಿ ಶಾಸನಗಳನ್ನು ಓದಿ ಪ್ರಕಟಿಸಿದರು. ಇಂಥ ಶಾಸನಗಳಲ್ಲಿ ಸುಲ್ತಾನನ ಹೆಸರಿರುತ್ತದೆ, ಕಿಲ್ಲೇದಾರನ ಹೆಸರಿರುತ್ತದೆ. ಸುಣ್ಣ ಸುಟ್ಟವನಿಗೆ ಅಲ್ಲಿ ಜಾಗವಿಲ್ಲ. ಗುಡಿಗಳ ಶಾಸನಗಳ ರೀತಿಯೂ ಬೇರೆಯಲ್ಲ. ಇಂದು ಯಾವ ಕಟ್ಟಡ ಯಾರದು ಎಂದು ಜಗಳ ಹೂಡುವವರು ಗುಡಿಯ ಗಾರೆ ಮತ್ತು ಮಸೀದಿಯ ಗಾರೆ ಎರಡನ್ನೂ ಒಂದೊಂದು ಚೂರು ಕೆರೆದು ನೋಡಬೇಕು. ಒಂದೇ ಎರೆಹೊಲದ ಹರಳು, ಒಂದೇ ಹಳ್ಳದ ಮರಳು.

ಹಾಗೆಂದು ಸುಣ್ಣ ಎಲ್ಲರನ್ನೂ ಸಮ ಮಾಡಿತ್ತು ಎನ್ನಲಾಗದು. ಗಚ್ಚಿನ ಮನೆ ಎಂದರೆ ಗೌಡರ, ದೇಸಾಯರ, ಜಾಗೀರದಾರರ ಮನೆ. ಉಳಿದವರದು ಮಣ್ಣಿನ ಮಾಳಿಗೆ. ಚರ್ಮ ಹದ ಮಾಡುವವರಿಗೆ ಸುಣ್ಣದ ಪರಿಚಯವೇ ಬೇರೆ. ತೊಗಲಿನ ಕೂದಲು ಬಿಡಿಸಲು ಅದನ್ನು ಸುಣ್ಣದ ನೀರಿನ ಗುಂಡಿಯಲ್ಲಿ ದಿನಗಟ್ಟಲೆ ನೆನೆಸಿ, ಆಮೇಲೆ ತಂಗಡಿ ತೊಗಟೆಯ ರಸದಲ್ಲಿ ಹದಮಾಡುತ್ತಿದ್ದರು. ಆ ಗುಂಡಿಯಲ್ಲಿ ಕೈಯಾಡಿಸಿದವರ ಬೆರಳಿನ ಚರ್ಮವೂ ಸುಲಿಯುತ್ತಿತ್ತು. ಊರ ಗೋಡೆಯನ್ನು ಬೆಳ್ಳಗೆ ಮಾಡಿದ ಸುಣ್ಣ ಇವರನ್ನು ಊರ ಹೊರಗೇ ಉಳಿಸಿತು.

ಬಡವರ ಮನೆಗೆ ಸುಣ್ಣ ಬರುತ್ತಿದ್ದದ್ದು ವರ್ಷಕ್ಕೆ ಒಂದೆರಡು ಸಲ, ತೆಳ್ಳಗೆ ನೀರಾಗಿ. ಯುಗಾದಿಗೆ, ದಸರೆಗೆ, ರಮಜಾನಿಗೆ, ಮದುವೆಗೆ. ಮೊಹರಮ್ಮಿಗೆ ಮುನ್ನ ಹಳ್ಳಿಯ ಮಸೂತಿಗೆ ಸುಣ್ಣ ಬಳಿಯಬೇಕು, ಅಲಾಯಿ ಕುಣಿಯ ಕಟ್ಟೆಗೂ ಬಳಿಯಬೇಕು. ಮುಸಲ್ಮಾನರ ಒಂದೂ ಮನೆಯಿಲ್ಲದ ಹಳ್ಳಿಗಳಲ್ಲಿಯೂ ಈ ಕೆಲಸ ನಿಲ್ಲದೆ ನಡೆದುಬಂದಿದೆ ಎಂಬುದು ಈ ಸೀಮೆಯವರಿಗೆ ಹೊಸ ಮಾತಲ್ಲ. ಮಾನ್ವಿಯಲ್ಲಿ ಜಗನ್ನಾಥದಾಸರ ಸನ್ನಿಧಿ, ಅದೇ ತಾಲೂಕಿನ ಚೀಕಲಪರ್ವಿಯಲ್ಲಿ ವಿಜಯದಾಸರ ನೆಲೆ, ದೇವದುರ್ಗ ತಾಲೂಕಿನ ಗಬ್ಬೂರಿನ ಹಳೆಯ ಗುಡಿಗಳು, ರಾಯಚೂರಿನ ಶಂಶ್ ಆಲಂ ಹುಸೇನಿ ದರ್ಗಾ. ಈ ಸಣ್ಣ ಸುತ್ತಳತೆಯೊಳಗೆ ಹರಿದಾಸರು, ಸೂಫಿಗಳು ಇಬ್ಬರೂ ಬಾಳಿದ್ದಾರೆ.

ಬದಲಾವಣೆಗೆ ರೈಲು ಕಾರಣವಾಯಿತು. 1871ರಲ್ಲಿ ಮುಂಬಯಿ ಕಡೆಯ ಹಳಿ ಮತ್ತು ಮದರಾಸು ಕಡೆಯ ಹಳಿ ಕೂಡಿದ್ದು ರಾಯಚೂರಿನಲ್ಲಿ. ಆ ಹಳಿಯ ಮೇಲೆಯೇ ಕೃಷ್ಣೆಯ ಆಚೆ ವಾಡಿ, ಶಹಾಬಾದ್ ಇವೆ. ಅಲ್ಲಿ ನೆಲದಡಿ ಭೀಮಾ ಕೊಳ್ಳದ ಸುಣ್ಣಕಲ್ಲು ಹಾಸುಹಾಸಾಗಿ ಬಿದ್ದಿದೆ. ಮೊದಲು ಆ ಕಲ್ಲು ಫರಸಿಯಾಗಿ ಬಂದು ಮನೆಗಳ ನೆಲಕ್ಕೆ ಹಾಸಿತು. 1920ರ ದಶಕದಲ್ಲಿ ಶಹಾಬಾದಿನಲ್ಲಿ ಸಿಮೆಂಟ್ ಕಾರ್ಖಾನೆ ಬಂತು. 1936ರಲ್ಲಿ ಹಲವು ಕಂಪನಿಗಳು ಕೂಡಿ ಎಸಿಸಿ ಆದಾಗ ಅದೂ ಅದರೊಳಗೆ ಸೇರಿತು. 1968ರಲ್ಲಿ ವಾಡಿ, 1980ರ ದಶಕದಲ್ಲಿ ಮಳಖೇಡ, ಸೇಡಂ. ರಾಷ್ಟ್ರಕೂಟರ ಮಾನ್ಯಖೇಟ ಈಗ ಸಿಮೆಂಟು ಚೀಲದ ಮೇಲಿನ ವಿಳಾಸ. ಅದಕ್ಕೂ ಮುನ್ನ ದೊಡ್ಡ ಕೆಲಸಗಳು ಸುಣ್ಣದಲ್ಲಿಯೇ ಆಗುತ್ತಿದ್ದವು. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆಗೆ ಬಳಸಿದ್ದು ಸುರ್ಕಿ ಗಾರೆ. ಸಿಮೆಂಟು ಗಂಟೆಗಳಲ್ಲಿ ಕೂಡುತ್ತದೆ, ಚೀಲದಲ್ಲಿ ಬರುತ್ತದೆ, ಎತ್ತು ಗಾಣ ಕೇಳುವುದಿಲ್ಲ. ಸುಣ್ಣದ ಭಟ್ಟಿಗಳು ಒಂದೊಂದಾಗಿ ಆರಿದವು. ತುಂಗಭದ್ರೆಯ ಎಡದಂಡೆ ಕಾಲುವೆ ಮಾನ್ವಿಗೂ, ನಾರಾಯಣಪುರದ ಬಲದಂಡೆ ಕಾಲುವೆ ದೇವದುರ್ಗಕ್ಕೂ ಬಂದ ಮೇಲೆ ಹರಳು ಆಯುತ್ತಿದ್ದ ಹೊಲಗಳು ಭತ್ತದ ಗದ್ದೆಗಳಾದವು.

ಹರಳು ಮರೆತರೂ ಅದು ನಮ್ಮನ್ನು ಮರೆತಿಲ್ಲ. ರಾಯಚೂರು ಜಿಲ್ಲೆಯ ಹಲವು ಹಳ್ಳಿಗಳಲ್ಲಿ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಗ್ರಾನೈಟ್ ಕಲ್ಲೇ ಇದರ ಮೂಲ. ಆದರೆ ನೀರಿನಲ್ಲಿದ್ದ ಕ್ಯಾಲ್ಸಿಯಂ ಕಂಕರ್ ಆಗಿ ಇಳಿದುಹೋದಷ್ಟೂ ಫ್ಲೋರೈಡನ್ನು ಹಿಡಿದಿಡುವ ಶಕ್ತಿ ನೀರಿಗೆ ಕಡಿಮೆಯಾಗುತ್ತದೆ. ಗಾರೆಗೆ ಒದಗಿದ ಅದೇ ಗುಣ ಹಲ್ಲಿಗೂ ಎಲುಬಿಗೂ ಮುಳುವಾಗಿದೆ. ಇತ್ತ ಹಟ್ಟಿಯ ಚಿನ್ನದ ಗಣಿಯಂಥಲ್ಲಿ ಸುಣ್ಣಕ್ಕೆ ಬೇರೊಂದು ಕೆಲಸ. ಅದಿರಿನಿಂದ ಚಿನ್ನ ಬಿಡಿಸುವ ಸೈನೈಡ್ ದ್ರಾವಣ ವಿಷಗಾಳಿಯಾಗದಂತೆ ಸುಣ್ಣ ಹಾಕಿ ಕ್ಷಾರವಾಗಿ ಇಡುತ್ತಾರೆ.

ಇನ್ನು ಎಲೆಯಡಿಕೆಯ ಸುಣ್ಣ. ಹಿತ್ತಾಳೆಯ ಸುಣ್ಣದ ಡಬ್ಬಿ ಹೋಗಿ ಪ್ಲಾಸ್ಟಿಕ್ಕಿನ ಪುಟ್ಟ ಪೊಟ್ಟಣ ಬಂದಿದೆ. ಗುಟ್ಕಾ 2013ರಲ್ಲಿ ಕರ್ನಾಟಕದಲ್ಲಿ ನಿಷೇಧವಾಯಿತು. ತಂಬಾಕು ಸುಣ್ಣ ತಿಕ್ಕುವ ಅಂಗೈ ನಿಷೇಧವಾಗಲಿಲ್ಲ. ಸುಣ್ಣದ ಕ್ಷಾರ ಅಡಿಕೆಯ, ತಂಬಾಕಿನ ಮತ್ತನ್ನು ಬೇಗ ರಕ್ತಕ್ಕೆ ಸೇರಿಸುತ್ತದೆ, ಬಾಯಿಯ ಒಳಚರ್ಮವನ್ನು ಕೆಡಿಸುತ್ತದೆ. ಮಕ್ಕಳ ಕೈಗೆ ಸಿಕ್ಕ ಪೊಟ್ಟಣ ಹಿಚುಕಿದಾಗ ಒಡೆದು ಕಣ್ಣಿಗೆ ಸಿಡಿಯುವುದು ದೇಶದ ಕಣ್ಣಿನ ವೈದ್ಯರಿಗೆಲ್ಲ ಗೊತ್ತಿರುವ ಅಪಘಾತ. ಒಂದು ಕಣ್ಣಿಗೆ ಬೆಣ್ಣೆ ಒಂದು ಕಣ್ಣಿಗೆ ಸುಣ್ಣ ಎಂಬ ಗಾದೆಯನ್ನು ನಾವು ಪಕ್ಷಪಾತಕ್ಕೆ ಬಳಸಿ ಬಳಸಿ ಅದರ ಮೊದಲ ಅರ್ಥ ಮರೆತಿದ್ದೇವೆ. ಸುಣ್ಣ ಕಣ್ಣಿನ ಪಾಪೆಯನ್ನು ಸುಡುತ್ತದೆ. ಬಿದ್ದ ಕೂಡಲೇ ಶುದ್ಧ ನೀರಿನಿಂದ ಬಹಳ ಹೊತ್ತು ತೊಳೆದು ಆಸ್ಪತ್ರೆಗೆ ಒಯ್ಯಬೇಕು.

ಈಗ ಮತ್ತೆ ಗೋಡೆಗೆ ಬರೋಣ. ಹಳೆಯ ಕಟ್ಟಡಗಳು ಬಿರುಕು ಬಿಟ್ಟಾಗ ಸಿಮೆಂಟು ಮೆತ್ತುವುದು ನಾಡಿನ ಎಲ್ಲ ಕಡೆ ನಡೆದಿದೆ. ಗುಡಿಯ ಸಮಿತಿ, ಮಸೀದಿಯ ಸಮಿತಿ ಎರಡೂ ಇದರಲ್ಲಿ ಒಂದೇ ದಾರಿ ಹಿಡಿದಿವೆ. ಭಕ್ತಿಯಿಂದಲೇ ಮಾಡುತ್ತಾರೆ, ಅದರ ಮೇಲೆ ಆಯಿಲ್ ಪೇಂಟನ್ನೂ ಬಳಿಯುತ್ತಾರೆ. ಸುಣ್ಣದ ಗೋಡೆ ಮಳೆಗಾಲದಲ್ಲಿ ತೇವ ಹೀರಿ ಬೇಸಿಗೆಯಲ್ಲಿ ಬಿಡುತ್ತದೆ. ಸಣ್ಣ ಬಿರುಕು ಬಿದ್ದರೆ ನೀರಿನಲ್ಲಿ ಕರಗಿದ ಸುಣ್ಣವೇ ಹೋಗಿ ಅದನ್ನು ಮುಚ್ಚುತ್ತದೆ. ಸಿಮೆಂಟಿನ ಹೊದಿಕೆ ಈ ಉಸಿರಾಟ ಕಟ್ಟುತ್ತದೆ. ಒಳಗೆ ಉಳಿದ ತೇವ ಉಪ್ಪನ್ನು ಎಳೆದು ತರುತ್ತದೆ, ಉಪ್ಪು ಹರಳುಗಟ್ಟಿ ಹಳೆಯ ಇಟ್ಟಿಗೆಯನ್ನು ಪುಡಿ ಮಾಡುತ್ತದೆ. ಹೊರಗೆ ಗಟ್ಟಿ, ಒಳಗೆ ಟೊಳ್ಳು. ಕೊನೆಗೆ ಸಿಮೆಂಟು ಬೀಳುವಾಗ ಹಳೆಯ ಗಚ್ಚನ್ನೂ ಕಿತ್ತುಕೊಂಡು ಬೀಳುತ್ತದೆ.

2019ರ ಮೇ ತಿಂಗಳಲ್ಲಿ ಹೈದರಾಬಾದಿನ ಚಾರ್‌ಮಿನಾರಿನ ಒಂದು ಮಿನಾರಿನಿಂದ ಗಚ್ಚಿನ ಅಲಂಕಾರದ ಚೂರು ಕಳಚಿ ಬಿತ್ತು. ಅದು 1591ರ ಕಟ್ಟಡ, ದೇಶವೇ ನೋಡುವ ಕಟ್ಟಡ; ಪುರಾತತ್ವ ಇಲಾಖೆ ಸುಣ್ಣದ ಕೆಲಸ ಬಲ್ಲವರನ್ನು ಕರೆಸಿತು. ನಮ್ಮ ಗಬ್ಬೂರಿಗೆ, ಮಾನ್ವಿಗೆ, ರಾಯಚೂರಿನ ಓಣಿಗಳಿಗೆ ಅಂಥವರು ಬರುವುದಿಲ್ಲ. ಅವರು ಹೊರಗಿನಿಂದ ಬರಬೇಕಾಗಿಯೂ ಇಲ್ಲ. ವಯಸ್ಸಾದ ಗೌಂಡಿಗಳು ಅಲ್ಲಲ್ಲಿ ಇನ್ನೂ ಇದ್ದಾರೆ, ಹರಳು ಹೊಲದಲ್ಲಿಯೇ ಇದೆ. ಸುರ್ಕಿಯ ಕೆಲಸ ಮಾಡಬಲ್ಲ ಹಾರುಬೂದಿಯೂ ಬಾಗಿಲಲ್ಲೇ ಇದೆ. ಶಕ್ತಿನಗರದ ಶಾಖೋತ್ಪನ್ನ ಕೇಂದ್ರದಲ್ಲಿ 1985ರಿಂದ ಅದು ಬೆಟ್ಟದಂತೆ ಬಿದ್ದಿದೆ. ಸುಣ್ಣದೊಡನೆ ಬೆರೆತರೆ ಸುಟ್ಟ ಇಟ್ಟಿಗೆಯ ಪುಡಿಯ ಹಾಗೆಯೇ ಗಟ್ಟಿಯಾಗುತ್ತದೆ. ಅಡ್ಡಿ ಇರುವುದು ಕಾಲದಲ್ಲಿ. ದುರಸ್ತಿಯ ಗುತ್ತಿಗೆ ಡಿಸೆಂಬರಿನಲ್ಲಿ ಮಂಜೂರಾಗಿ ಮಾರ್ಚ್ 31ರೊಳಗೆ ಬಿಲ್ಲು ಆಗಬೇಕು. ಸುಣ್ಣ ಕೊಳೆಯಲಿಕ್ಕೇ ಮೂರು ತಿಂಗಳು ಬೇಕೆಂದು ಗೌಂಡಿ ಹೇಳಿದರೆ, ಎಂಜಿನಿಯರು ಅವನ ಮುಖ ನೋಡಿ ಸಿಮೆಂಟಿಗೆ ಚೀಟಿ ಬರೆಯುತ್ತಾನೆ.